ಮುಳುಗಿದ ಊರುಗಳ ಮೇಲೆ ದೋಣಿವಿಹಾರ

ಶರಾವತಿ ಹಿನ್ನೀರಿನ ದಂಡೆಯಲ್ಲಿ ಈಗ ಹೊಸದೊಂದು ಕಾಲ ಆರಂಭವಾಗಿದೆ. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆಯಾಯಿತು. ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಈ ಸೇತುವೆಯಿಂದಾಗಿ ಸಿಗಂದೂರು, ತುಮರಿ ಕಡೆಯ ಜನ ಲಾಂಚಿಗಾಗಿ ದಡದಲ್ಲಿ ಗಂಟೆಗಟ್ಟಲೆ ಕಾಯುವ ಪಾಡು ಕೊನೆಗೊಂಡಿದೆ. ಹೆರಿಗೆ ನೋವಿನ ಹೆಂಗಸನ್ನು ರಾತ್ರಿ ವೇಳೆ ಸಾಗರದ ಆಸ್ಪತ್ರೆಗೆ ಮುಟ್ಟಿಸುವುದು ಹೇಗೆಂಬ ಚಿಂತೆಯಲ್ಲೇ ಬದುಕಿದವರಿಗೆ ಈ ಸೇತುವೆ ಎಂದೋ ಸಲ್ಲಬೇಕಾಗಿದ್ದ ಸೌಲಭ್ಯ. ಅದರ ಬಗ್ಗೆ ಎರಡು ಮಾತಿಲ್ಲ.

ಆದರೆ ಸೇತುವೆಯ ಮೇಲೆ ಆಂಬುಲೆನ್ಸ್ ಮಾತ್ರ ಓಡುವುದಿಲ್ಲ. ಅದರ ಹಿಂದೆಯೇ ಬಂಡವಾಳವೂ ಬರುತ್ತದೆ. ರೆಸಾರ್ಟು, ಜಲಕ್ರೀಡೆ, ವಾರಾಂತ್ಯದ ದಟ್ಟಣೆ ಎಲ್ಲವೂ ಬರುತ್ತವೆ. ಹಿನ್ನೀರಿಗೆ ಪ್ರವಾಸಿಗರು ಬರಬೇಕೇ ಬೇಡವೇ ಎಂಬ ಚರ್ಚೆಗೆ ಈಗ ಅರ್ಥ ಉಳಿದಿಲ್ಲ. ಅವರು ಬಂದಾಗಿದೆ. ಯಾರ ನೆಲದಲ್ಲಿ, ಯಾರ ಲಾಭಕ್ಕಾಗಿ, ಯಾವ ಎಚ್ಚರದೊಂದಿಗೆ ಈ ಪ್ರವಾಸೋದ್ಯಮ ನಡೆಯಬೇಕು ಎಂಬುದೇ ಉಳಿದಿರುವ ಪ್ರಶ್ನೆ.

ನಾನು ಪ್ರವಾಸದ ವಿರೋಧಿಯಲ್ಲ. ಈ ಹಿನ್ನೀರನ್ನು ಹಲವು ಋತುಗಳಲ್ಲಿ ಕಂಡು ಸಂತೋಷಪಟ್ಟವನು. ತಾಳಗುಪ್ಪದ ಸಮೀಪದ ಹೊನ್ನೆಮರಡುವಿನಲ್ಲಿ ತೆಪ್ಪ, ಹುಟ್ಟುದೋಣಿಗಳಲ್ಲಿ ನಡುಗಡ್ಡೆಯತ್ತ ಸಾಗುವ ಮುಂಜಾನೆಗೆ ಸಾಟಿಯಾದುದು ನಮ್ಮ ನಾಡಿನಲ್ಲಿ ಹೆಚ್ಚಿಲ್ಲ. ಯಂತ್ರದ ಸದ್ದಿಲ್ಲದ ಆ ನೀರಿನಲ್ಲಿ ಹಕ್ಕಿಯ ಕೂಗು ದೂರದಿಂದಲೇ ಕೇಳುತ್ತದೆ. ಮಳೆಗಾಲ ಮುಗಿದ ಮೇಲೆ ತುಂಬಿ ನಿಂತ ಜಲರಾಶಿಯಲ್ಲಿ ಗುಡ್ಡಗಳ ನೆತ್ತಿ ಮಾತ್ರ ದ್ವೀಪಗಳಾಗಿ ಕಾಣುತ್ತವೆ. ಜೋಗದಲ್ಲಿ ರಾಜ, ರಾಣಿ, ರೋರರ್, ರಾಕೆಟ್ 830 ಅಡಿ ಆಳಕ್ಕೆ ಧುಮುಕುವುದನ್ನು ನೋಡಿದವರು, ಅದೇ ನದಿ ಕೆಲವೇ ಕಿಲೋಮೀಟರ್ ಮೇಲೆ ಇಷ್ಟು ಮೌನವಾಗಿ ನಿಂತಿರುವುದನ್ನೂ ನೋಡಬೇಕು. ಬೇಸಿಗೆಯಲ್ಲಿ ಜೋಗಕ್ಕೆ ಹೋಗಿ ‘ನೀರೇ ಇಲ್ಲ’ ಎಂದು ನಿರಾಶರಾಗುವವರಿಗೆ ಉತ್ತರ ಸಿಗುವುದೂ ಅಲ್ಲೇ.

ಆ ಉತ್ತರದ ಹೆಸರು ಲಿಂಗನಮಕ್ಕಿ. 1964ರಲ್ಲಿ ಪೂರ್ಣಗೊಂಡ ಈ ಜಲಾಶಯದ ಗರಿಷ್ಠ ಮಟ್ಟ 1,819 ಅಡಿ. ಸಂಗ್ರಹ ಸಾಮರ್ಥ್ಯ ಸುಮಾರು 151 ಟಿಎಂಸಿ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಕಡಲು ಸೇರುವ ಪುಟ್ಟ ನದಿಯೊಂದು 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರವನ್ನು ನಡೆಸುವಂತಾದದ್ದು ಈ ಸಂಗ್ರಹದಿಂದ. ಬೆಂಗಳೂರಿನ ಕಾರ್ಖಾನೆಗಳು, ಬೀದಿದೀಪಗಳು ದಶಕಗಳ ಕಾಲ ಈ ನದಿಯ ಋಣದಲ್ಲಿದ್ದವು. ಅದಕ್ಕೂ ಮೊದಲು, 1948ರ ಹೊತ್ತಿಗೆ ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಸಿದ್ಧವಾಗಿತ್ತು. ದೊಡ್ಡ ಅಣೆಕಟ್ಟು ಬಂದಾಗ ಸಣ್ಣ ಅಣೆಕಟ್ಟೇ ಮುಳುಗಿತು. ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಅದರ ಗೋಡೆ, ಸೈಫನ್ ಗೋಪುರಗಳು ಮೇಲೇಳುತ್ತವೆ. ಜನ ತಂಡೋಪತಂಡವಾಗಿ ಹೋಗಿ ಚಿತ್ರ ತೆಗೆದುಕೊಳ್ಳುತ್ತಾರೆ.

ಮುಳುಗಿದ ಅಣೆಕಟ್ಟು ವರ್ಷಕ್ಕೊಮ್ಮೆಯಾದರೂ ಕಣ್ಣಿಗೆ ಬೀಳಬಹುದು. ಮುಳುಗಿದ ಮನೆಗಳ ಕಥೆ ಹಾಗಲ್ಲ. ಸಾವಿರಾರು ಕುಟುಂಬಗಳು ಗದ್ದೆ, ಅಡಿಕೆ ತೋಟ, ದೈವದ ಬನಗಳನ್ನು ನೀರಿಗೆ ಒಪ್ಪಿಸಿ ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಾಡಂಚುಗಳಿಗೆ ಚದುರಿಹೋದವು. ಶರಾವತಿ ಯೋಜನೆಯಲ್ಲಿ ನೌಕರಿ ಮಾಡಿದ್ದ ನಾ. ಡಿಸೋಜ ಅವರು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ ಈ ಸಂಕಟಕ್ಕೆ ಮಾತು ಕೊಟ್ಟರು. ಅವರು 2025ರ ಜನವರಿಯಲ್ಲಿ ತೀರಿಕೊಂಡರು. ಅವರು ಬರೆದ ಸಂಕಟ ಮಾತ್ರ ತೀರಲಿಲ್ಲ. ಸಂತ್ರಸ್ತರನ್ನು ಕೂರಿಸಿದ ಭೂಮಿ ಕಾಗದದಲ್ಲಿ ಅರಣ್ಯವಾಗಿಯೇ ಉಳಿಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ನಂತರ ಅದನ್ನು ಬಿಡಿಸಿಕೊಡಲು ಕೇಂದ್ರದ ಒಪ್ಪಿಗೆ ಬೇಕು. ಆ ಒಪ್ಪಿಗೆಯಿಲ್ಲದೆ ರಾಜ್ಯ ಸರ್ಕಾರ ಹೊರಡಿಸಿದ ಆದೇಶಗಳು ಹೈಕೋರ್ಟಿನಲ್ಲಿ ನಿಲ್ಲಲಿಲ್ಲ. ಹೀಗೆ ಮೂರನೆಯ ತಲೆಮಾರೂ ತನ್ನ ಅಂಗಳದಲ್ಲೇ ಒತ್ತುವರಿದಾರ ಎನಿಸಿಕೊಳ್ಳುವ ಸ್ಥಿತಿಯಲ್ಲಿದೆ.

ಪ್ರವಾಸೋದ್ಯಮಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ನೇರ ಸಂಬಂಧವಿದೆ. ಹೋಂಸ್ಟೇ ನಡೆಸಲು ಪರವಾನಗಿ ಬೇಕು. ಪರವಾನಗಿಗೆ ಮನೆಯ ದಾಖಲೆ ಬೇಕು. ಎರಡು ಕೋಣೆ ಕಟ್ಟಿಸಲು ಬ್ಯಾಂಕಿನ ಸಾಲ ಬೇಕು. ಸಾಲಕ್ಕೆ ಪಹಣಿ ಬೇಕು. ಹಕ್ಕುಪತ್ರವಿಲ್ಲದ ಸಂತ್ರಸ್ತನಿಗೆ ಈ ಬಾಗಿಲುಗಳೆಲ್ಲ ಮುಚ್ಚಿವೆ. ಹೊರಗಿನಿಂದ ಬರುವ ಹಣವಂತನಿಗೆ ಹಾಗಿಲ್ಲ. ಅವನು ದಾಖಲೆ ಶುದ್ಧವಾಗಿರುವ ಜಾಗವನ್ನು ಹುಡುಕಿ ಕೊಳ್ಳುತ್ತಾನೆ. ನಾಳೆ ಹಿನ್ನೀರಿನ ದಂಡೆಯಲ್ಲಿ ರೆಸಾರ್ಟು ಎದ್ದಾಗ, ಅದರ ಕೆಳಗೆ ಗದ್ದೆ ಮುಳುಗಿಸಿಕೊಂಡವನ ಮೊಮ್ಮಗ ಅಲ್ಲಿ ಗೇಟು ಕಾಯುವವನಾಗುತ್ತಾನೆ. ‘ಉದ್ಯೋಗ ಸೃಷ್ಟಿ’ ಎಂದು ವರದಿಗಳಲ್ಲಿ ಬರೆಯುವುದು ಇದನ್ನೇ ಆದರೆ ಅದಕ್ಕೆ ನಾಚಿಕೆಪಡಬೇಕು.

ಎರಡನೆಯ ಮಾತು ಸುರಕ್ಷತೆಯದು. ಜಲಾಶಯ ಕೆರೆಯಲ್ಲ, ಕಡಲ ತೀರವೂ ಅಲ್ಲ. ಮಳೆಗಾಲದಲ್ಲಿ ಏರುವ ಮತ್ತು ಬೇಸಿಗೆಯಲ್ಲಿ ಹತ್ತಾರು ಅಡಿ ಇಳಿಯುವ ನೀರು ದಂಡೆಯ ರೂಪವನ್ನೇ ಬದಲಿಸುತ್ತಿರುತ್ತದೆ. ಕೆಳಗಿರುವುದು ಹಳೆಯ ಗದ್ದೆಯ ಬದು, ಬಾವಿ, ಮರದ ಬೊಡ್ಡೆ, ಹೂಳು. ಮೊಣಕಾಲು ಮಟ್ಟದ ನೀರಿನಿಂದ ಒಂದೇ ಹೆಜ್ಜೆಗೆ ಆಳಕ್ಕೆ ಜಾರುವುದು ಇಂಥ ಕಡೆ ಅಪರೂಪವಲ್ಲ. ಈಜು ಬಲ್ಲವರೂ ಇಲ್ಲಿ ಮೋಸ ಹೋಗಬಹುದು. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ಹತ್ತಕ್ಕೂ ಹೆಚ್ಚು ಮಂದಿ ಸತ್ತಾಗ ರಾಜ್ಯವಿಡೀ ಮರುಗಿತು. ಮರುಗುವುದಕ್ಕೆ ಇನ್ನೊಂದು ದುರಂತ ಬೇಕಿಲ್ಲ. ಜೀವರಕ್ಷಕ ಅಂಗಿ ತೊಡದವರಿಗೆ ದೋಣಿ ಹತ್ತಲು ಬಿಡಬಾರದು. ದೋಣಿಯ ಮೇಲೆ ಜನರ ಮಿತಿ ಬರೆದಿರಬೇಕು, ಆ ಮಿತಿ ಪಾಲನೆಯೂ ಆಗಬೇಕು. ಎಲ್ಲಿ ಇಳಿಯಬಹುದು, ಎಲ್ಲಿ ಇಳಿಯಬಾರದು ಎಂಬುದನ್ನು ನೀರಿನ ಮಟ್ಟಕ್ಕೆ ತಕ್ಕಂತೆ ಗುರುತಿಸುತ್ತಿರಬೇಕು. ಈ ನೀರಿನ ಗುಣ ಬಲ್ಲವರು ಲಾಂಚ್ ನಡೆಸಿದವರು, ಮೀನು ಹಿಡಿಯುವವರು. ತರಬೇತಿ, ವೇತನ ಕೊಟ್ಟು ಈ ಕೆಲಸಕ್ಕೆ ಮೊದಲು ನೇಮಿಸಬೇಕಾದದ್ದು ಅವರನ್ನೇ.

ಮೂರನೆಯದು ಕಾಡಿನ ಪ್ರಶ್ನೆ. ಈ ಕಣಿವೆ ಸಿಂಗಳೀಕಗಳ ನೆಲೆ. ಅವುಗಳ ಸಲುವಾಗಿಯೇ 2019ರಲ್ಲಿ ಇಲ್ಲಿನ ಅಭಯಾರಣ್ಯವನ್ನು ವಿಸ್ತರಿಸಲಾಯಿತು. ಅದೇ ಕಣಿವೆಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ರೂಪಿಸಲಾಗಿದೆ. ಇದೇ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾವ ಬಂದಾಗ 2019ರಲ್ಲಿ ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿತು. ಒಂದು ಪುಟ್ಟ ನದಿಯ ಮೇಲೆ ನಾವು ಇನ್ನೆಷ್ಟು ಭಾರ ಹೇರಬಹುದು? ವಿದ್ಯುತ್ತು ಬೇಕು, ನೀರು ಬೇಕು, ಈಗ ಮೋಜೂ ಬೇಕು. ಕೊನೆಯದನ್ನಾದರೂ ಹಗುರವಾಗಿ ಪಡೆಯಲು ಸಾಧ್ಯವಿದೆ. ಹುಟ್ಟು ಹಾಕುವ ದೋಣಿಗೆ ಡೀಸೆಲ್ ಬೇಡ. ನಡುಗಡ್ಡೆಯಲ್ಲಿ ಧ್ವನಿವರ್ಧಕದ ಅಗತ್ಯವಿಲ್ಲ. ತಂದ ಪ್ಲಾಸ್ಟಿಕ್ಕನ್ನು ಮರಳಿ ಒಯ್ಯಲು ಯಾವ ಯೋಜನಾ ವರದಿಯೂ ಬೇಕಾಗಿಲ್ಲ.

ಇಷ್ಟೆಲ್ಲ ಷರತ್ತು ಹಾಕಿದರೆ ಹೂಡಿಕೆದಾರರು ಓಡಿಹೋಗುತ್ತಾರೆ ಎಂಬ ಆಕ್ಷೇಪವುಂಟು. ಹೋಗುವವರು ಹೋಗಲಿ. ನೀರು, ದ್ವೀಪ, ಜೋಗ ಇವು ಬೇರೆ ಕಡೆಗೆ ಹೋಗುವಂಥವಲ್ಲ. ಅವಸರವಿರುವುದು ಹೂಡಿಕೆಗೇ ಹೊರತು ಹಿನ್ನೀರಿಗಲ್ಲ.

ಆದ್ದರಿಂದ ಸರ್ಕಾರ ತನ್ನ ಕೆಲಸದ ಕ್ರಮವನ್ನು ಸರಿಪಡಿಸಿಕೊಳ್ಳಬೇಕು. ಮೊದಲು ಕೇಂದ್ರದ ಒಪ್ಪಿಗೆ ಪಡೆದು ಸಂತ್ರಸ್ತರ ಹಕ್ಕುಪತ್ರದ ಕಡತವನ್ನು ಮುಗಿಸಲಿ. ಅಲ್ಲಿಯವರೆಗೆ ದಂಡೆಯಲ್ಲಿ ದೊಡ್ಡ ರೆಸಾರ್ಟುಗಳಿಗೆ ಅನುಮತಿ ತಡೆಹಿಡಿಯಲಿ. ದೋಣಿ, ಹೋಂಸ್ಟೇ, ಮಾರ್ಗದರ್ಶನದ ಪರವಾನಗಿಗಳಲ್ಲಿ ಮುಳುಗಡೆ ಕುಟುಂಬಗಳಿಗೆ ಮೊದಲ ಪಾಲು ಇರಲಿ. ಮಡೆನೂರಿನ ಹಾದಿಯಲ್ಲಿ, ಹೊನ್ನೆಮರಡುವಿನ ದಂಡೆಯಲ್ಲಿ ಮುಳುಗಿದ ಊರುಗಳ ಹೆಸರನ್ನು ಬರೆದ ಒಂದು ಫಲಕವಾದರೂ ನಿಲ್ಲಲಿ. ಪ್ರವಾಸಿಗ ಬರಲಿ, ಹುಟ್ಟು ಹಾಕಲಿ, ನಕ್ಷತ್ರ ಎಣಿಸಲಿ. ತಾನು ತೇಲುತ್ತಿರುವುದು ಯಾರ ಮನೆಯ ಮೇಲೆ ಎಂಬುದೂ ಅವನಿಗೆ ತಿಳಿದಿರಲಿ.