ಬೆಳಗಿನ ಲೋಟ: ಪಾಯಸವೋ ತಿಂಡಿಯೋ

ತರಕಾರಿಯನ್ನು ಬೇಯಿಸಿ, ಬೇಳೆಯನ್ನೋ ಹಾಲನ್ನೋ ಕೂಡಿಸಿ, ಸಿಹಿತಿಂಡಿಯ ಪರಿಮಳ ಕೊಟ್ಟು ನುಣ್ಣಗೆ ಅರೆದ ದಪ್ಪ ಪೇಯಕ್ಕೆ ಈಗ ಸ್ಮೂದಿ ಎಂದು ಹೆಸರು. ಕ್ಯಾರೆಟ್ ಹಲ್ವದ ರುಚಿಯದು, ಕುಂಬಳ ಪಾಯಸದ ರುಚಿಯದು ಎಂದು ಅದರಲ್ಲಿ ಬಗೆಗಳಿವೆ. ರುಚಿ ಹಬ್ಬದ್ದು, ಪೋಷಣೆ ತಿಂಡಿಯದು, ಪ್ರೋಟೀನು ಧಾರಾಳ ಎಂಬುದು ಅದರ ಪರವಾಗಿ ಹೇಳುವ ಮಾತು. ಇದನ್ನು ಒಪ್ಪುವ ಮೊದಲು ಎರಡು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ. ನಾಲಿಗೆಗೆ ಪಾಯಸವಾದದ್ದು ದೇಹಕ್ಕೆ ತಿಂಡಿಯಾಗಬಲ್ಲುದೆ? ಕುಡಿದದ್ದು ಉಂಡದ್ದಕ್ಕೆ ಸಮವೆ?

ಕರಾವಳಿಯ ಮೂಡುಬಿದಿರೆ–ಕಾರ್ಕಳ ರಸ್ತೆಯ ಬೆಳುವಾಯಿ, ಅತ್ತ ಬಂಟ್ವಾಳ, ಬೆಳ್ತಂಗಡಿಗಳ ಅಡುಗೆಮನೆಗಳಿಗೆ ಇದರಲ್ಲಿ ಹೊಸದೆನ್ನಬಹುದಾದದ್ದು ಹೆಸರು ಮತ್ತು ಮಿಕ್ಸಿ ಮಾತ್ರ. ತರಕಾರಿಯನ್ನು ಸಿಹಿ ಮಾಡುವುದು ಇಲ್ಲಿ ಹಳೆಯ ವಿದ್ಯೆ. ಬೇಸಿಗೆಯಲ್ಲಿ ಗದ್ದೆಯಲ್ಲಿ ಬೆಳೆದ ಸೌತೆ, ಕುಂಬಳಗಳನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಪಕ್ಕಾಸಿಗೆ ತೂಗುಹಾಕಿ ಮಳೆಗಾಲ ಕಳೆಯುತ್ತಿದ್ದ ಮನೆಗಳಲ್ಲಿ, ದಿನವೂ ಅದೇ ಕಾಯಿಯ ಹುಳಿ ಉಂಡು ಬೇಸರವಾಗದಂತೆ ಅದೇ ಕಾಯಿ ಪಾಯಸವೂ ಆಗುತ್ತಿತ್ತು, ದೋಸೆಯೂ ಆಗುತ್ತಿತ್ತು. ಚೀನಿಕಾಯಿ ಅಂದರೆ ಸಿಹಿಗುಂಬಳದ ಪಾಯಸ, ಮುಳ್ಳುಸೌತೆಯ ಪಾಯಸ, ಬೂದುಗುಂಬಳದ ಕಾಶಿಹಲ್ವ ಇವೆಲ್ಲ ಆ ಸಾಲಿನವು. ಬೇಳೆಯ ಸಿಹಿಗೂ ಕೊರತೆಯಿಲ್ಲ: ಹೆಸರುಬೇಳೆ ಪಾಯಸ, ಮಾಧ್ವರ ಹಯಗ್ರೀವ, ಕೊಂಕಣಿ ಮನೆಗಳ ಕಡ್ಲೆಬೇಳೆ ಮಡ್ಗಣೆ. ಅರೆದು ಕುಡಿಯುವುದಕ್ಕೆ ಎಳ್ಳಿನ ಜ್ಯೂಸು, ರಾಗಿ ನೀರು, ಹೆಸರುಕಾಳಿನ ಪಾನಕ ಇವೆ. ತರಕಾರಿಯ ಸಿಹಿ, ಬೇಳೆಯ ಸಿಹಿ, ಅರೆದ ಪಾನಕ ಈ ಮೂರನ್ನೂ ಒಂದೇ ಲೋಟಕ್ಕೆ ಇಳಿಸಿದರೆ ಸ್ಮೂದಿ.

ಆದರೆ ಪರಂಪರೆಯಲ್ಲಿ ಇದೆ ಎಂದ ಮಾತ್ರಕ್ಕೆ ದಿನವೂ ಕುಡಿಯಲು ಅಪ್ಪಣೆ ಸಿಕ್ಕಂತಲ್ಲ. ಪಾಯಸಕ್ಕೆ ಊಟದ ಕೊನೆಯ ಜಾಗ, ಎಲೆಯ ಮೇಲೆ ಎರಡು ಸೌಟು, ಅದೂ ಹಬ್ಬ–ಮದುವೆಗಳಂದು. ಅದಕ್ಕೆ ಬೇಕಾದಷ್ಟು ಬೆಲ್ಲ, ದಪ್ಪ ಕಾಯಿಹಾಲು ಸುರಿದವರು ಅದನ್ನು ಬೆಳಗಿನ ಆಹಾರವೆಂದು ಎಣಿಸಿರಲಿಲ್ಲ. ಅದೇ ಪಾಕವನ್ನು ಮಿಕ್ಸಿಗೆ ಹಾಕಿ ತಿಂಡಿ ಎಂದು ಕರೆದರೆ ಹೆಸರು ಬದಲಾದೀತು, ಲೆಕ್ಕ ಬದಲಾಗದು.

ಲೆಕ್ಕವನ್ನು ಮೊದಲು ಈಗಿನ ತಿಂಡಿಯಿಂದಲೇ ಹಿಡಿಯಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಪ್ರಮಾಣದಂತೆ ವಯಸ್ಕರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಬೇಕು. 65 ಕಿಲೋ ತೂಗುವ ಗಂಡಸಿಗೆ ಸುಮಾರು 54 ಗ್ರಾಂ, 55 ಕಿಲೋ ತೂಗುವ ಹೆಂಗಸಿಗೆ ಸುಮಾರು 46 ಗ್ರಾಂ. ಕರಾವಳಿಯ ಬೆಳಗು ಬಹುಮಟ್ಟಿಗೆ ಅಕ್ಕಿಯದು. ನಾಲ್ಕೈದು ನೀರುದೋಸೆಗೆ 60 ಗ್ರಾಂ ಅಕ್ಕಿ ಹಿಡಿಯಿತೆಂದರೂ ಅದರ ಪ್ರೋಟೀನು 5 ಗ್ರಾಂ ದಾಟದು. ಜೊತೆಗಿನ ಕಾಯಿ–ಬೆಲ್ಲದಿಂದ ಈ ಬಾಬಿಗೆ ಸೇರುವುದು ಅಲ್ಪ. ಪುಂಡಿ, ಸೇಮಿಗೆ, ಕುಚ್ಚಲಕ್ಕಿ ಗಂಜಿಗಳ ಕತೆಯೂ ಇದೇ. ಮಧ್ಯಾಹ್ನ ಮೀನಿನ ಸಾರು ಇರುವ ಮನೆಯಲ್ಲಿ ದಿನದ ಒಟ್ಟು ಲೆಕ್ಕ ಹೇಗೋ ಸರಿಹೋಗುತ್ತದೆ. ಮೀನು ಮುಟ್ಟದ ಮನೆಯಲ್ಲಿ, ಬೇಳೆಯನ್ನೂ ಸಾರಿನ ತಳದಲ್ಲಿ ಹುಡುಕಬೇಕಾದಲ್ಲಿ, ಬೆಳಗಿನ ಕೊರತೆ ರಾತ್ರಿಯ ತನಕ ಹಾಗೇ ಉಳಿಯುತ್ತದೆ. ಹಾಗಾಗಿ ಬೆಳಿಗ್ಗೆ ಪ್ರೋಟೀನು ಬೇಕು ಎಂಬ ಮಾತು ಬರಿಯ ಫ್ಯಾಷನ್ನಲ್ಲ.

ಅದು ಎಲ್ಲಿಂದ ಬರಬೇಕು ಎಂಬಲ್ಲಿ ಗೊಂದಲ ಹೆಚ್ಚು. ‘ತರಕಾರಿ ಪ್ರೋಟೀನ್ ಸ್ಮೂದಿ’ ಎಂದಾಗ ತರಕಾರಿಯಲ್ಲೇ ಪ್ರೋಟೀನು ಇದೆಯೆಂಬ ಭಾವನೆ ಬರುತ್ತದೆ. 100 ಗ್ರಾಂ ಚೀನಿಕಾಯಿಯಲ್ಲಿ ಇರುವುದು ಹೆಚ್ಚೆಂದರೆ 1 ಗ್ರಾಂ, ಕ್ಯಾರೆಟ್ಟಿನಲ್ಲಿಯೂ ಅಷ್ಟೆ, ಬೂದುಗುಂಬಳದಲ್ಲಿ ಅದಕ್ಕಿಂತ ಕಡಿಮೆ. ತರಕಾರಿ ಕೊಡುವುದು ನಾರು, ಬಣ್ಣ, ನೀರು, ಬೀಟಾ ಕ್ಯಾರೊಟೀನು. ಪ್ರೋಟೀನಿನ ಹೊರೆ ಹೊರುವುದು ಹೆಸರುಬೇಳೆ, ಹುರಿಗಡಲೆ, ನೆಲಕಡಲೆ, ಹಾಲು, ಮೊಸರು. ಒಣ ಹೆಸರುಬೇಳೆಯಲ್ಲಿ ನೂರಕ್ಕೆ ಸುಮಾರು 24, ನೆಲಕಡಲೆಯಲ್ಲಿ ಸುಮಾರು 25, ಹಾಲಿನಲ್ಲಿ 3ಕ್ಕಿಂತ ತುಸು ಹೆಚ್ಚು. ಕರಾವಳಿಯ ಪ್ರೀತಿಯ ಕಾಯಿಹಾಲು ಮಾತ್ರ ಈ ಪರೀಕ್ಷೆಯಲ್ಲಿ ಸೋಲುತ್ತದೆ. ದಪ್ಪ ಕಾಯಿಹಾಲಿನಲ್ಲಿ ಪ್ರೋಟೀನು ನೂರಕ್ಕೆ 2 ಗ್ರಾಮಿನ ಆಸುಪಾಸು, ಕೊಬ್ಬು 20 ಗ್ರಾಂ ಮೀರುತ್ತದೆ. ರುಚಿಗೆ ಅದರ ಸಮಾನ ಇನ್ನೊಂದಿಲ್ಲ ಎಂಬುದು ಬೇರೆ ಮಾತು.

ಒಂದು ಪಾಕವನ್ನು ಹತ್ತಿರದಿಂದ ನೋಡಿದರೆ ವಿಷಯ ತಿಳಿಯಾಗುತ್ತದೆ. 30 ಗ್ರಾಂ ಹೆಸರುಬೇಳೆಯನ್ನು ಎಣ್ಣೆಯಿಲ್ಲದೆ ಘಮ ಬರುವ ತನಕ ಹುರಿದು ಕುಕ್ಕರಿನಲ್ಲಿ ಮೆತ್ತಗೆ ಬೇಯಿಸುವುದು. ಮೇಲಿನ ತಟ್ಟೆಯಲ್ಲಿ 100 ಗ್ರಾಂ ಸಿಪ್ಪೆ ತೆಗೆದ ಚೀನಿಕಾಯಿ ಹೋಳನ್ನು ಇಟ್ಟರೆ ಒಂದೇ ಬೆಂಕಿಯಲ್ಲಿ ಎರಡೂ ಬೆಂದಿರುತ್ತವೆ. ಹಸಿ ಕುಂಬಳ ಅರೆದರೆ ಹಸಿವಾಸನೆ ಬಿಡದು. ಬೆಂದರೆ ಕ್ಯಾರೊಟೀನು ದೇಹಕ್ಕೆ ಸಿಗುವುದೂ ಸುಲಭ. ಎರಡನ್ನೂ ಆರಲು ಬಿಡಬೇಕು, ಏಕೆಂದರೆ ಬಿಸಿಯಿದ್ದಾಗ ಅರೆದರೆ ಹಬೆ ಮಿಕ್ಸಿಯ ಮುಚ್ಚಳವನ್ನು ಎಸೆಯುತ್ತದೆ. ಆಮೇಲೆ ಹುರಿದು ಸಿಪ್ಪೆ ಉಜ್ಜಿದ 15 ಗ್ರಾಂ ನೆಲಕಡಲೆ, ಬೀಜ ತೆಗೆದ ಎರಡು ಸಣ್ಣ ಖರ್ಜೂರ, ಕುಟ್ಟಿದ ಏಲಕ್ಕಿ, ಚಿಟಿಕೆ ಒಣಶುಂಠಿ, ಒಂದೆರಡು ಹರಳು ಉಪ್ಪು ಹಾಕಿ, ಮೊದಲು ಗಟ್ಟಿಯಾಗಿಯೇ ಗಂಧದಂತೆ ಅರೆಯುವುದು. 200 ಮಿ.ಲೀ. ಕಾಯಿಸಿ ಆರಿಸಿದ ಹಾಲನ್ನು ಕೊನೆಗೆ ಸೇರಿಸುವುದು. ಮೊದಲೇ ಹೊಯ್ದರೆ ನೊರೆ ಏಳುತ್ತದೆ, ನೆಲಕಡಲೆ ತರಿಯಾಗಿ ಉಳಿಯುತ್ತದೆ. ಬೇಳೆಯಿಂದ 7, ಹಾಲಿನಿಂದ 6, ನೆಲಕಡಲೆಯಿಂದ 4, ಕುಂಬಳದಿಂದ 1, ಒಟ್ಟು ಸುಮಾರು 18 ಗ್ರಾಂ ಪ್ರೋಟೀನು. ಶಕ್ತಿ 400 ಕ್ಯಾಲೊರಿಯ ಒಳಗೆ. ಮೇಲೆ ಹೇಳಿದ ಗಂಡಸಿನ ದಿನದ ಪ್ರಮಾಣದ ಮೂರನೆಯ ಒಂದು ಪಾಲು ಇಲ್ಲಿ ಬಂತು. ಬೇಳೆಗಳಲ್ಲಿ ಗಂಧಕವುಳ್ಳ ಅಮೈನೋ ಆಮ್ಲಗಳು ಕಡಿಮೆ. ಆ ಕೊರತೆಯನ್ನು ಹಾಲು ತುಂಬುತ್ತದೆ. ನೆಲಕಡಲೆಯ ಮತ್ತು ಹಾಲಿನ ಜಿಡ್ಡು ಕ್ಯಾರೊಟೀನು ಹೀರಿಕೊಳ್ಳಲು ಒದಗುತ್ತದೆ.

ಇದೇ ಚೀನಿಕಾಯಿಯನ್ನು 200 ಮಿ.ಲೀ. ದಪ್ಪ ಕಾಯಿಹಾಲು, 30 ಗ್ರಾಂ ಬೆಲ್ಲದೊಂದಿಗೆ ಅರೆದರೆ ಬಣ್ಣ ಅದೇ, ಪರಿಮಳ ಇನ್ನೂ ಚೆಂದ. ಪ್ರೋಟೀನು ಮಾತ್ರ 5 ಗ್ರಾಮಿನ ಸುತ್ತ, ಕ್ಯಾಲೊರಿ 500 ಮೀರಿರುತ್ತದೆ. ಎರಡು ಲೋಟಗಳನ್ನು ಪಕ್ಕಪಕ್ಕ ಇಟ್ಟರೆ ಕಣ್ಣಿಗೆ ಭೇದ ಕಾಣದು. ಒಂದು ತಿಂಡಿ, ಇನ್ನೊಂದು ಪಾಯಸ.

ಇನ್ನು ಸಿಹಿಯ ವಿಚಾರ. ಬಿಳಿ ಸಕ್ಕರೆ ಬಿಟ್ಟು ಬೆಲ್ಲ ಹಾಕಿದರೆ ದೋಷ ಹೋಯಿತೆಂಬ ನಂಬಿಕೆ ಕರಾವಳಿಯುದ್ದಕ್ಕೂ ಇದೆ. ಬೆಲ್ಲದಲ್ಲಿ ಒಂದಿಷ್ಟು ಖನಿಜಗಳಿವೆ ನಿಜ, ಆದರೆ ಅದರ ಬಹುಪಾಲು ಸಕ್ಕರೆಯೇ. ವಿಶ್ವ ಆರೋಗ್ಯ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ ಇಂಥ ಸಕ್ಕರೆ ದಿನದ ಶಕ್ತಿಯ ನೂರಕ್ಕೆ 10ರೊಳಗಿರಬೇಕು, 5ರೊಳಗಿದ್ದರೆ, ಅಂದರೆ 25 ಗ್ರಾಮಿನಷ್ಟಕ್ಕೆ ನಿಂತರೆ, ಇನ್ನೂ ಒಳ್ಳೆಯದು ಎಂದಿದೆ. 30 ಗ್ರಾಂ ಬೆಲ್ಲದ ಲೋಟ ಆ ಎರಡನೆಯ ಮಿತಿಯನ್ನು ಬೆಳಿಗ್ಗೆಯೇ ಮುಗಿಸಿಬಿಡುತ್ತದೆ. ಹತ್ತು ಗಂಟೆಯ ಚಹಾಕ್ಕೆ ಏನೂ ಉಳಿಯದು. ಖರ್ಜೂರವೂ ಸಾಧುವಲ್ಲ, ಅದರ ಮೂರನೆಯ ಎರಡು ಪಾಲು ಸಕ್ಕರೆ. ಎರಡಕ್ಕೆ ನಿಲ್ಲಿಸುವುದು ಅದಕ್ಕಾಗಿ.

ಸಕ್ಕರೆ ಇಳಿಸಿಯೂ ಸಿಹಿತಿಂಡಿಯ ಭ್ರಮೆ ಉಳಿಸಿಕೊಳ್ಳುವ ಉಪಾಯ ಪಾಯಸ ಕಾಸುವವರಿಗೆ ಗೊತ್ತಿರುವುದೇ. ಏಲಕ್ಕಿ, ಹುರಿದ ಬೇಳೆಯ ಘಮ, ನಾಲಿಗೆಗೆ ತಾಗಿಯೂ ತಾಗದಷ್ಟು ಉಪ್ಪು ಇವು ಇದ್ದ ಸಿಹಿಯನ್ನು ದೊಡ್ಡದಾಗಿ ತೋರಿಸುತ್ತವೆ. ಹದವಾದ ಬಿಸಿಯೂ ಹಾಗೆಯೇ: ತಣ್ಣಗಾದಷ್ಟೂ ಸಿಹಿ ನಾಲಿಗೆಗೆ ಮಂಕಾಗುತ್ತದೆ. ಐಸ್‌ಕ್ರೀಮಿಗೆ ಅಷ್ಟು ಸಕ್ಕರೆ ಸುರಿಯಬೇಕಾಗುವುದು ಈ ಕಾರಣಕ್ಕೂ ಹೌದು. ಮಂಗಳೂರು, ಉಡುಪಿಗಳೆರಡೂ ತಮ್ಮದೆನ್ನುವ ಗಡ್‌ಬಡ್ ಐಸ್‌ಕ್ರೀಮು ಕರಗಿ ಬೆಚ್ಚಗಾದ ಮೇಲೆ ಕುಡಿದರೆ ಅದರ ಸಿಹಿ ಎಷ್ಟೆಂದು ತಿಳಿಯುತ್ತದೆ. ಆದ್ದರಿಂದ ಪೇಯಕ್ಕೆ ಐಸು ಹಾಕದೆ ಉಗುರುಬೆಚ್ಚಗೆ ಕುಡಿದರೆ ಖರ್ಜೂರ ಒಂದೇ ಸಾಕಾದೀತು. ಬೆಲ್ಲವೇ ಬೇಕೆಂದರೆ ಹಾಲು ಆರಿದ ಮೇಲೆ ಹಾಕಬೇಕು. ಕುದಿಯುವ ಹಾಲಿಗೆ ಬೆಲ್ಲ ಬಿದ್ದರೆ ಒಡೆಯುವುದುಂಟು. ಬೆಲ್ಲದ ಪಾಯಸಕ್ಕೆ ಇಲ್ಲಿಯವರು ಕಾಯಿಹಾಲನ್ನೇ ಒಗ್ಗಿಸಿಕೊಂಡದ್ದರ ಹಿಂದೆ ತೋಟದ ತೆಂಗಿನ ಜೊತೆಗೆ ಈ ಅನುಕೂಲವೂ ಇದ್ದಿರಬೇಕು.

ಎರಡನೆಯ ಪ್ರಶ್ನೆ ಕುಡಿಯುವುದರದು. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಅದೇ ಜನರಿಗೆ ಊಟಕ್ಕೆ ಮೊದಲು ಒಂದು ದಿನ ಇಡೀ ಸೇಬು, ಇನ್ನೊಂದು ದಿನ ಬೇಯಿಸಿ ನುರಿದ ಸೇಬು, ಮತ್ತೊಂದು ದಿನ ಸೇಬಿನ ರಸ ಕೊಟ್ಟರು, ಕ್ಯಾಲೊರಿ ಮಾತ್ರ ಒಂದೇ. ಇಡೀ ಸೇಬು ತಿಂದ ದಿನ ಅವರು ಆಮೇಲೆ ಉಂಡದ್ದು ಕಡಿಮೆ, ಮೂರರಲ್ಲಿ ಹೊಟ್ಟೆ ತುಂಬಿದ್ದು ಕಡಿಮೆ ಎಂದರೆ ರಸ ಕುಡಿದಾಗ, ನುರಿದದ್ದು ನಡುವೆ. ಸ್ಮೂದಿಯ ಜಾಗ ಈ ನಡುವಿನದು. ಜಗಿಯದೆ ನುಂಗಿದ್ದಕ್ಕೆ ಹೊಟ್ಟೆ ಪೂರ್ತಿ ಲೆಕ್ಕ ಹಿಡಿಯುವುದಿಲ್ಲ. ಆದರೆ ಸೋಸದ, ದಪ್ಪನೆಯ ಪೇಯ ನೀರು ರಸಕ್ಕಿಂತ ಎಷ್ಟೋ ಮೇಲು. ಹೆಸರುಕಾಳಿನ ಪಾನಕವನ್ನು ಬಟ್ಟೆಯಲ್ಲಿ ಹಿಂಡಿ ಗಷ್ಟನ್ನು ದನಕ್ಕೆ ಹಾಕುವ ಕ್ರಮ ಈ ದೃಷ್ಟಿಯಿಂದ ದನಕ್ಕೇ ಲಾಭ. ಗಂಟಲಲ್ಲಿ ಸುಯ್ಯನೆ ಇಳಿಯುವಷ್ಟು ತೆಳ್ಳಗೆ ಮಾಡದೆ, ಚಮಚ ಹಾಕಿದರೆ ತುಸು ತಡೆದು ಬೀಳುವಷ್ಟು ದಪ್ಪಗಿಟ್ಟು, ಗುಟುಕು ಗುಟುಕಾಗಿ ಕುಡಿಯುವುದು ಸರಿ.

ಬೇಳೆ ಬೇಯಿಸುವ ಗೋಜೇಕೆ, ಡಬ್ಬಿಯ ಪ್ರೋಟೀನ್ ಪುಡಿ ಒಂದು ಚಮಚ ಹಾಕಿದರಾಯಿತಲ್ಲ ಎಂಬ ವಾದವೂ ಇದೆ. ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಮಾರ್ಗಸೂಚಿ ಮೈಕಟ್ಟಿಗಾಗಿ ಇಂಥ ಪೂರಕಗಳನ್ನು ಬಳಸಬಾರದೆಂದೇ ಹೇಳಿದೆ. ಡಬ್ಬಿಯ ಇತರ ಪುಡಿಗಳ ಮಾತೂ ಅಷ್ಟೆ: ಅದೇ ವರ್ಷ ಏಪ್ರಿಲಿನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ, ಬೋರ್ನ್‌ವಿಟಾ ಸೇರಿದಂತೆ ಹಾಲಿಗೆ ಬೆರೆಸುವ ಪೇಯಗಳನ್ನು ‘ಆರೋಗ್ಯ ಪೇಯ’ ಎಂಬ ವಿಭಾಗದಿಂದ ತೆಗೆಯಲು ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿತ್ತು. ಕೊಯ್ಲಿನ ನಂತರದ ಗದ್ದೆಯಲ್ಲಿ ಉದ್ದು, ಹೆಸರು ಬಿತ್ತುವ ಕರಾವಳಿಯವರು ಪ್ರೋಟೀನಿಗಾಗಿ ಡಬ್ಬಿಯ ದಾರಿ ಕಾಯಬೇಕಾದ್ದಿಲ್ಲ. ಹಸಿ ಮೊಳಕೆ ಕಾಳನ್ನು ನೇರವಾಗಿ ಅರೆದು ಕುಡಿಯುವುದು ಮಾತ್ರ ಬೇಡ. ಜೀರ್ಣಕ್ಕೆ ಅಡ್ಡಿಯಾಗುವ ಅಂಶಗಳು, ಮೊಳಕೆಯ ತೇವದಲ್ಲಿ ಬೆಳೆಯುವ ರೋಗಾಣುಗಳು ಎರಡೂ ಬೇಯಿಸಿದಾಗ ಅಡಗುತ್ತವೆ. ಬೇಯಿಸಿ ಮಾಡಿದ್ದನ್ನೂ ಕರಾವಳಿಯ ಸೆಕೆಯಲ್ಲಿ ಹೊರಗಿಟ್ಟರೆ ಕೆಡಲು ಹೆಚ್ಚು ಹೊತ್ತು ಬೇಡ. ಮೂತ್ರಪಿಂಡದ ಕಾಯಿಲೆಯವರಿಗೆ ಪ್ರೋಟೀನಿನ ಅಳತೆಯನ್ನು ವೈದ್ಯರೇ ಹೇಳಬೇಕು.

ಇಷ್ಟಾದರೂ ಈ ಪೇಯ ಎಲ್ಲರಿಗೂ ಬೇಕಾದ್ದೇನಲ್ಲ. ಬಸ್ಸು ಹಿಡಿಯುವ ಅವಸರದಲ್ಲಿ ಬರಿಹೊಟ್ಟೆಯಲ್ಲಿ ಹೊರಡುವವರಿಗೆ, ತಟ್ಟೆಯ ತರಕಾರಿಯನ್ನು ಬದಿಗೆ ಸರಿಸುವ ಮಕ್ಕಳಿಗೆ, ಹಲ್ಲಿಲ್ಲದ ಹಿರಿಯರಿಗೆ ಇದು ನಿಜಕ್ಕೂ ಒದಗುತ್ತದೆ. ಕಡ್ಲೆ–ಬಜಿಲ್ ಅಂದರೆ ಕಡಲೆ, ಅವಲಕ್ಕಿ ತಿಂದು ಒಂದು ಲೋಟ ಮಜ್ಜಿಗೆ ಕುಡಿಯುವ ಮನೆಯಲ್ಲಿ ಇದರ ಅಗತ್ಯವಿಲ್ಲ.