ಸ್ವಂತ ಇಂಜಿನಿಯರಿಂಗ್ ಸಂಸ್ಥೆ: ಪದವಿಯೊಂದೇ ಸಾಕೇ?

ಇಂಜಿನಿಯರಿಂಗ್ ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವುದು ಎರಡೇ ಪ್ರಶ್ನೆಗಳು. ಕೆಲಸ ಸಿಕ್ಕಿತೇ? ಇಲ್ಲವಾದರೆ ಗಲ್ಫ್ ವೀಸಾ ಯಾವಾಗ? ಊರಿನಲ್ಲಿಯೇ ಸ್ವಂತ ಸಂಸ್ಥೆಯೊಂದನ್ನು ತೆರೆಯಬಹುದೆಂಬ ಮೂರನೆಯ ದಾರಿಯ ಬಗ್ಗೆ ಯೋಚಿಸುವವರು ಕಡಿಮೆ. ಯೋಚಿಸುವವರಲ್ಲಿಯೂ ಎರಡು ತಪ್ಪು ಕಲ್ಪನೆಗಳಿವೆ. ಪದವಿ ಪತ್ರವಿದ್ದರೆ ಮರುದಿನವೇ ಎಲ್ಲ ಕೆಲಸವನ್ನೂ ಕೈಗೆತ್ತಿಕೊಳ್ಳಬಹುದು ಎಂಬುದು ಒಂದು. ದೊಡ್ಡ ಬಂಡವಾಳ ಮತ್ತು ದೊಡ್ಡವರ ಪರಿಚಯ ಇಲ್ಲದವರಿಗೆ ಇದು ಸಾಧ್ಯವೇ ಇಲ್ಲ ಎಂಬುದು ಇನ್ನೊಂದು. ಇವೆರಡೂ ಸತ್ಯಕ್ಕೆ ದೂರ.

ಅಷ್ಟಕ್ಕೂ ಕಾನೂನು ಕೇಳುವುದೇನು? ವಕೀಲರಿಗೆ 1961ರ ಕಾಯ್ದೆಯಿದೆ, ವಾಸ್ತುಶಿಲ್ಪಿಗಳಿಗೆ 1972ರ ಕಾಯ್ದೆಯಿದೆ. ನೋಂದಣಿಯಿಲ್ಲದ ಸಿವಿಲ್ ಇಂಜಿನಿಯರ್ ತನ್ನ ಫಲಕದಲ್ಲಿ 'ಆರ್ಕಿಟೆಕ್ಟ್' ಎಂದು ಬರೆಸಿಕೊಳ್ಳುವಂತಿಲ್ಲ. ಆದರೆ ಇಂಜಿನಿಯರ್‌ಗಳ ವೃತ್ತಿಯನ್ನೇ ನಿಯಂತ್ರಿಸುವ, ಇಡೀ ದೇಶಕ್ಕೆ ಅನ್ವಯಿಸುವ ಅಂಥ ಕಾಯ್ದೆ ಇನ್ನೂ ಬಂದಿಲ್ಲ. ಸಂಸ್ಥೆಯನ್ನು ಒಬ್ಬರೇ ನಡೆಸಬಹುದು, 1932ರ ಕಾಯ್ದೆಯಂತೆ ಪಾಲುದಾರರೊಂದಿಗೆ ನಡೆಸಬಹುದು, 2008ರ ಕಾಯ್ದೆಯಂತೆ ಸೀಮಿತ ಹೊಣೆಯ ಪಾಲುದಾರಿಕೆಯಾಗಿಯೋ 2013ರ ಕಾಯ್ದೆಯಂತೆ ಕಂಪೆನಿಯಾಗಿಯೋ ನೋಂದಾಯಿಸಬಹುದು. ಇವುಗಳಲ್ಲಿ ಯಾವುದೂ ಮಾಲೀಕನ ಪದವಿ ಪತ್ರವನ್ನು ಕೇಳುವುದಿಲ್ಲ. 2020ರಲ್ಲಿ ಆರಂಭವಾದ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ರಾಜ್ಯದೊಳಗೇ ಸೇವೆ ನೀಡುವವರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯೂ ಕಡ್ಡಾಯವಲ್ಲ.

ಹಾಗಂತ ಯಾರು ಏನನ್ನಾದರೂ ಮಾಡಬಹುದೇ? ಖಂಡಿತ ಇಲ್ಲ. ಸಂಸ್ಥೆ ತೆರೆಯುವುದು ಬೇರೆ, ನಕ್ಷೆಗೆ ಸಹಿ ಹಾಕುವುದು ಬೇರೆ. ಕಟ್ಟಡ ನಕ್ಷೆಗೆ ಸಹಿ ಹಾಕಲು ಸ್ಥಳೀಯ ಸಂಸ್ಥೆಯ ನಿಯಮದಂತೆ ಅರ್ಹತೆ ಮತ್ತು ನೋಂದಣಿ ಬೇಕು. ವಿದ್ಯುತ್ ಕಾಮಗಾರಿಗೆ ರಾಜ್ಯ ಸರಕಾರ ನೀಡುವ ಗುತ್ತಿಗೆದಾರರ ಪರವಾನಿಗೆ ಬೇಕು. ಲೋಕೋಪಯೋಗಿ ಇಲಾಖೆಯ ಕೆಲಸಕ್ಕೆ ಗುತ್ತಿಗೆದಾರರಾಗಿ ನೋಂದಾಯಿಸಿಕೊಂಡಿರಬೇಕು. ಕಟ್ಟಡದ ಕಂಬ, ತೊಲೆ, ಅಡಿಪಾಯಗಳ ವಿನ್ಯಾಸ ಮಾಡುವವರಿಗೆ ಸಿವಿಲ್ ಪದವಿಯ ಜೊತೆಗೆ ಕನಿಷ್ಠ 3 ವರ್ಷಗಳ ಅನುಭವ ಇರಬೇಕೆಂಬುದು ರಾಷ್ಟ್ರೀಯ ಕಟ್ಟಡ ಸಂಹಿತೆಯ ನಿಲುವು.

ಈ ನಿಯಮಗಳೇಕೆ? 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದಲ್ಲಿದ್ದ ಬಹುಮಹಡಿ ಕಟ್ಟಡ ಕುಸಿದು 19 ಮಂದಿ ಪ್ರಾಣ ಕಳೆದುಕೊಂಡರು. ಅಂಥ ದುರಂತ ನಡೆದಾಗ ನಕ್ಷೆಯ ಮೇಲಿನ ಸಹಿ ಯಾರದೆಂದು ತನಿಖೆ ಕೇಳುತ್ತದೆ. ಹೀಗಿದ್ದೂ ನಿವೇಶನವನ್ನು ಕಣ್ಣಾರೆ ಕಾಣದೆ, ಮಣ್ಣಿನ ಪರೀಕ್ಷೆಯ ವರದಿಯನ್ನು ಓದದೆ, ಇನ್ನೊಬ್ಬರು ಬರೆದ ನಕ್ಷೆಗೆ ಹಣಕ್ಕಾಗಿ ಸಹಿ ಹಾಕಿಕೊಡುವವರಿದ್ದಾರೆ. ಕೆಲಸವಿಲ್ಲದ ಹೊಸ ಪದವೀಧರನಿಗೆ ಇದು ಸುಲಭದ ಸಂಪಾದನೆಯಂತೆ ಕಾಣುತ್ತದೆ. ಆ ಮನೆಯಲ್ಲಿ ಮಲಗುವ ಕುಟುಂಬದ ಪ್ರಾಣ ತನ್ನ ಸಹಿಯನ್ನು ನಂಬಿದೆಯೆಂಬುದನ್ನು ಅವನಿಗೆ ಹೇಳಿಕೊಡುವವರಾರು?

ಆದ್ದರಿಂದ ನಿಜವಾದ ಅರ್ಹತೆ ಕಾಲೇಜಿನ ನಂತರ ಆರಂಭವಾಗುತ್ತದೆ. ನುರಿತ ಇಂಜಿನಿಯರ್ ಒಬ್ಬರ ಕೈಕೆಳಗೆ ಬಿಸಿಲಿನಲ್ಲಿ ನಿಂತು ಕಬ್ಬಿಣ ಕಟ್ಟುವುದನ್ನು, ಕಾಂಕ್ರೀಟ್ ಹಾಕುವುದನ್ನು ಪರಿಶೀಲಿಸಬೇಕು. ಅಂದಾಜು ಪಟ್ಟಿ ತಯಾರಿಸಲು, ಕರಾರುಪತ್ರ ಓದಲು, ಲೆಕ್ಕ ಇಡಲು ಕಲಿಯಬೇಕು. ಅನೇಕ ಹೊಸ ಸಂಸ್ಥೆಗಳು ಮುಗ್ಗರಿಸುವುದು ವಿದ್ಯೆಯ ಕೊರತೆಯಿಂದಲ್ಲ, ಬಾಕಿ ಹಣ ಬಾರದೆ. ಉದ್ಯಮ್ ನೋಂದಣಿಯಿರುವ ಸಣ್ಣ ಸಂಸ್ಥೆಗೆ ಖರೀದಿದಾರ 45 ದಿನಗಳೊಳಗೆ ಹಣ ಪಾವತಿಸಬೇಕು, ತಪ್ಪಿದರೆ ಚಕ್ರಬಡ್ಡಿ ತೆರಬೇಕು ಎಂದು 2006ರ ಕಾಯ್ದೆ ಹೇಳುತ್ತದೆ. ಇದು ಎಷ್ಟು ಪದವೀಧರರಿಗೆ ಗೊತ್ತು?

ಹೆತ್ತವರು ಗಮನಿಸಬೇಕಾದ ವಿಷಯವೂ ಇದೇ. ನಾಲ್ಕು ವರ್ಷ ಸಾಲ ಮಾಡಿ ಶುಲ್ಕ ಕಟ್ಟುವ ನಾವು, ಮುಂದಿನ ಮೂರು ವರ್ಷ ಮಕ್ಕಳು ಕಡಿಮೆ ಸಂಬಳಕ್ಕೆ ಕೆಲಸ ಕಲಿಯುವುದನ್ನು ಸಹಿಸುವುದಿಲ್ಲ. 'ಇಷ್ಟು ಓದಿಸಿದ್ದು ಇದಕ್ಕಾಗಿಯೇ?' ಎಂದು ಹಂಗಿಸುತ್ತೇವೆ. ಮಗಳು ಇಂಜಿನಿಯರ್ ಆಗಿದ್ದರಂತೂ ಪದವಿ ಪತ್ರ ಮದುವೆಯ ಮಾತುಕತೆಗಷ್ಟೇ ಉಪಯೋಗವಾಗುತ್ತದೆ. ವಿನ್ಯಾಸ ಕಚೇರಿಯೊಂದನ್ನು ನಡೆಸಲು ಅವಳಿಗೇನು ಕೊರತೆ? ಮಕ್ಕಳು ಊರಿನಲ್ಲಿ ನಾಲ್ಕು ಜನರಿಗೆ ಕೆಲಸ ಕೊಡುವಂತಾಗಬೇಕೆಂದು ಬಯಸುವವರು ಮೊದಲು ಅವರಿಗೆ ಆ ಮೂರು ವರ್ಷಗಳನ್ನು ಕೊಡಲಿ.