ಯಾರದೋ ಕೋಳಿ, ನಮ್ಮದೇ ದಿನಗಳು

“ಎಷ್ಟು ದಿನದ ಮಾತು ಬಿಡು, ಹೇಗೋ ಕಳೆದರಾಯ್ತು.” ಓದಿಗೋ ಕೆಲಸಕ್ಕೋ ವಿದೇಶಕ್ಕೆ ಹೊರಟ ನನ್ನ ವಯಸ್ಸಿನವರಿಗೆ ಮನೆಯವರೂ ಸೀನಿಯರ್‌ಗಳೂ ಹೇಳುವ ಸಮಾಧಾನ ಇದು. ಬರಬರುತ್ತಾ ಈ ಸಮಾಧಾನವೇ ಬದುಕುವ ಕ್ರಮವಾಗಿಬಿಡುತ್ತದೆ. ನೆಲದ ಮೇಲೊಂದು ಹಾಸಿಗೆ, ಕಿಟಕಿಗೆ ಪರದೆಯ ಬದಲು ಹಳೇ ಬೆಡ್‌ಶೀಟ್, ಪೂರ್ತಿ ಬಿಚ್ಚದ ಸೂಟ್‌ಕೇಸ್. ಪಕ್ಕದ ಮನೆಯವರ ಹೆಸರು ಗೊತ್ತಿಲ್ಲ. ಗೊತ್ತು ಮಾಡಿಕೊಂಡು ಆಗಬೇಕಾದ್ದಾದರೂ ಏನು, ಮುಂದಿನ ವರ್ಷ ನಾವೆಲ್ಲಿರುತ್ತೇವೋ!

ಈ ‘ತಾತ್ಕಾಲಿಕ’ ಎಂಬ ಪದದ ಮೇಲೆ ನನಗೊಂದು ತಕರಾರಿದೆ. ಲೆಕ್ಕ ಹಾಕಿ ನೋಡಿ. ಬ್ರಿಟನ್ನಿನಲ್ಲಿ ಸ್ನಾತಕೋತ್ತರ ಓದು ಸಾಮಾನ್ಯವಾಗಿ ಒಂದು ವರ್ಷ. ಆಮೇಲಿನ ಗ್ರಾಜುಯೇಟ್ ವೀಸಾ ಎರಡು ವರ್ಷ. 2027ರ ಜನವರಿ 1ರಿಂದ ಅರ್ಜಿ ಹಾಕುವ ಸ್ನಾತಕೋತ್ತರ ಪದವೀಧರರಿಗೆ ಅದೂ ಒಂದೂವರೆ ವರ್ಷಕ್ಕೆ ಇಳಿಯುತ್ತದೆ. ಅದರ ನಂತರ ಕಂಪನಿಯವರ ದಯೆ. ಇಪ್ಪತ್ತಮೂರಕ್ಕೆ ಊರು ಬಿಟ್ಟವರು ಇಂಥ ತುಂಡು ತುಂಡು ‘ತಾತ್ಕಾಲಿಕ’ಗಳನ್ನು ಜೋಡಿಸುತ್ತಲೇ ಮೂವತ್ತು ಮುಟ್ಟುತ್ತಾರೆ. ಬೆಂಗಳೂರಿನ ಪಿ.ಜಿ.ಗಳಲ್ಲಿರುವ ಗೆಳೆಯರ ಕಥೆಯೂ ಬೇರೆಯಲ್ಲ. ಪ್ರಾಯದ ವರ್ಷಗಳನ್ನೆಲ್ಲ ಬಸ್‌ಸ್ಟ್ಯಾಂಡಿನಲ್ಲಿ ಕೂತವರ ಹಾಗೆ ಕಳೆದರೆ, ಆಮೇಲೆ ಬರುವ ಬಸ್ಸಾದರೂ ಯಾವುದು?

ನನಗೆ ಈ ಯೋಚನೆ ಹತ್ತಿಸಿದ್ದು ನಾಲ್ಕು ಕೋಳಿಗಳು. 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರದ ಕಡೆಯ ಹಳ್ಳಿಯಿಂದ ಇಂಗ್ಲೆಂಡಿನ ಲೀಡ್ಸ್‌ಗೆ ಓದಲು ಬಂದೆ. ನಿವೃತ್ತ ನರ್ಸ್ ಒಬ್ಬರ ಮನೆಯಲ್ಲಿ ಬಾಡಿಗೆಗೆ ಕೋಣೆ ಸಿಕ್ಕಿತು. ನವೆಂಬರಿನಲ್ಲಿ ಅವರು ಮಗಳ ಬಾಣಂತನಕ್ಕೆಂದು ನ್ಯೂಜಿಲೆಂಡಿಗೆ ಹೊರಟರು. ಬಾಣಂತನಕ್ಕೆ ವಿಮಾನ ಹತ್ತುವ ಅಮ್ಮಂದಿರು ನಮ್ಮಲ್ಲಷ್ಟೇ ಇಲ್ಲ! ಹಿತ್ತಲಿನ ನಾಲ್ಕು ಹೇಂಟೆಗಳು ಜನವರಿ ಕೊನೆಯವರೆಗೆ ನನ್ನ ಪಾಲಿಗೆ ಬಂದವು.

ನಮ್ಮಜ್ಜಿ ಕೋಳಿ ಸಾಕುತ್ತಿದ್ದ ರೀತಿಗೂ ಇಲ್ಲಿನ ರೀತಿಗೂ ಅಜಗಜಾಂತರ. ನಮ್ಮಲ್ಲಿ ಊಟ ಮುಗಿದ ಮೇಲೆ ಮಿಕ್ಕ ಅನ್ನ ಅಂಗಳಕ್ಕೆ ಬಿದ್ದರೆ ಅದೇ ಕೋಳಿಯ ಊಟ. ಇಲ್ಲಿ ಅಡುಗೆಮನೆಯೊಳಗೆ ಹೋಗಿ ಬಂದ ತಿನಿಸನ್ನು ಹಿತ್ತಲಿನ ಕೋಳಿಗೂ ಹಾಕುವಂತಿಲ್ಲ, ಅದು ಕಾನೂನು. 2001ರಲ್ಲಿ ಕಾಲುಬಾಯಿ ಜ್ವರ ಈ ದೇಶದ ದನಕರುಗಳನ್ನು ಕಾಡಿದ ಮೇಲೆ ಇಂಥ ನಿಯಮಗಳು ಬಿಗಿಯಾದವು. ಹಕ್ಕಿಜ್ವರದ ಭಯಕ್ಕೆ 2024ರ ಅಕ್ಟೋಬರ್ 1ರಿಂದ ಒಂದೇ ಒಂದು ಕೋಳಿ ಇದ್ದರೂ ಸರ್ಕಾರದಲ್ಲಿ ನೋಂದಾಯಿಸಬೇಕು. 1950ರ ಅಲಾಟ್‌ಮೆಂಟ್ ಕಾಯ್ದೆಯಂತೂ ತೋಟದ ತುಂಡಿನಲ್ಲಿ ಹೇಂಟೆ ಸಾಕಲು ಒಪ್ಪುತ್ತದೆ, ಹುಂಜಕ್ಕೆ ಒಪ್ಪುವುದಿಲ್ಲ. ಕೋಳಿ ಕೂಗದೆಯೂ ಬೆಳಗಾಗುತ್ತದೆ ಎಂಬುದನ್ನು ಇಲ್ಲಿನವರು ಕಾಯ್ದೆಯಲ್ಲೇ ಬರೆದಿಟ್ಟಿದ್ದಾರೆ.

ಕೆಲಸ ದೊಡ್ಡದೇನಲ್ಲ. ಬೆಳಗ್ಗೆ ಗೂಡಿನ ಬಾಗಿಲು ತೆಗೆಯುವುದು, ನೀರಿನ ಮೇಲೆ ಕಟ್ಟಿದ ಮಂಜುಗಡ್ಡೆ ಒಡೆಯುವುದು, ಕಾಳು ಹಾಕುವುದು, ಒದ್ದೆ ಹುಲ್ಲು ತೆಗೆಯುವುದು. ಹೆಚ್ಚೆಂದರೆ ಕಾಲು ಗಂಟೆ. ಕಷ್ಟವಿದ್ದದ್ದು ಸಂಜೆಯಲ್ಲಿ. ಡಿಸೆಂಬರಿನಲ್ಲಿ ಲೀಡ್ಸ್‌ನ ಸೂರ್ಯ ಎಂಟೂಕಾಲರ ಮೇಲೆ ಹುಟ್ಟಿ ಮಧ್ಯಾಹ್ನ ಮೂರೂಮುಕ್ಕಾಲಿಗೆ ಮುಳುಗುತ್ತಾನೆ. ಬೆಳಕು ಇಳಿಯುತ್ತಿದ್ದಂತೆ ಕೋಳಿಗಳು ತಾವಾಗಿಯೇ ಗೂಡು ಸೇರುತ್ತವೆ. ಆದರೆ ಬಾಗಿಲು ಹಾಕಲು ಮನುಷ್ಯನೇ ಬೇಕು. ಇಲ್ಲಿ ನರಿಗಳು ಕಾಡಿನಲ್ಲಲ್ಲ, ಬೀದಿದೀಪದ ಕೆಳಗೆ ನಾಯಿಗಳ ಹಾಗೆ ಅಡ್ಡಾಡುತ್ತವೆ.

ನನ್ನ ತರಗತಿ ವಾರದಲ್ಲಿ ಎರಡು ದಿನ ಐದರವರೆಗೆ ಇತ್ತು. ಹಾಗಾಗಿ ಮನೆಯೊಡತಿ ಹೊರಟ ವಾರವೇ ಪಕ್ಕದ ಮನೆಯ ಅಜ್ಜನ ಬಾಗಿಲು ತಟ್ಟಿ, ಆ ಎರಡು ದಿನ ಗೂಡು ಮುಚ್ಚಬಲ್ಲಿರಾ ಎಂದು ಕೇಳಬೇಕಾಯಿತು. ಎರಡು ತಿಂಗಳು ಅದೇ ಬೀದಿಯಲ್ಲಿದ್ದೂ ನಾವಿಬ್ಬರೂ ಆಡಿದ ಮೊದಲ ಮಾತು ಅದು. ಚಳಿಗಾಲದಲ್ಲಿ ಮೊಟ್ಟೆ ಕಡಿಮೆ. ಚೆನ್ನಾಗಿ ಇಡಬೇಕಾದರೆ ದಿನಕ್ಕೆ ಸುಮಾರು ಹದಿನಾಲ್ಕು ಗಂಟೆ ಬೆಳಕು ಬೇಕಂತೆ. ಇಟ್ಟ ಒಂದೆರಡರಲ್ಲೇ ಅಜ್ಜನಿಗೂ ಪಾಲು ಹೋಗುತ್ತಿತ್ತು. ಖಾಲಿ ಡಬ್ಬಿ ವಾಪಸ್ ಕೊಡಲು ಬಂದವರು ಒಮ್ಮೆ ಬಸ್ಸಿನ ವಿಚಾರ, ಒಮ್ಮೆ ತೀರಿಹೋದ ಹೆಂಡತಿಯ ವಿಚಾರ ಹೇಳಿದರು. ‘ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ’ ಎಂದು ನಮ್ಮ ಕಡೆ ಹೇಳುತ್ತಾರೆ. ಈಗಿನ ಊರುಗಳಲ್ಲಿ ಬಾವಿಕಟ್ಟೆ ಇಲ್ಲ. ನಲ್ಲಿ, ಫ್ರಿಡ್ಜು, ಫೋನು ಎಲ್ಲವೂ ಕೋಣೆಯೊಳಗೇ ಇವೆ. ಯಾರನ್ನೂ ಏನನ್ನೂ ಕೇಳದೆ ವರ್ಷ ಕಳೆಯಬಹುದು. ಅದೇ ಅಪಾಯ.

ಅಪಾಯ ಎಂದು ಸುಮ್ಮನೆ ಹೇಳುತ್ತಿಲ್ಲ. ಅದೇ ಡಿಸೆಂಬರಿನಲ್ಲಿ ನಮ್ಮ ಬ್ಯಾಚಿನ ಹುಡುಗನೊಬ್ಬ ನಾಲ್ಕು ದಿನ ಜ್ವರದಲ್ಲಿ ಕೋಣೆಯಿಂದ ಹೊರಬರಲಿಲ್ಲ. ನಾಲ್ಕು ಜನರ ಮನೆ, ಒಂದೇ ಅಡುಗೆಮನೆ. ಶಿಫ್ಟ್‌ಗೆ ಹೋಗಿರಬೇಕು ಎಂದುಕೊಂಡು ಯಾರೂ ಬಾಗಿಲು ತಟ್ಟಿರಲಿಲ್ಲ. ಅವರು ಕೆಟ್ಟವರಲ್ಲ. ಎಲ್ಲರೂ ‘ಸ್ವಲ್ಪ ದಿನದವರು’, ಅಷ್ಟೇ. ನಾನೊಂದು ದಿನ ಗೂಡಿನ ಬಾಗಿಲು ತೆಗೆಯದಿದ್ದರೆ ಕೋಳಿಗಳು ಒಳಗಿನಿಂದಲೇ ಬೀದಿಗೆಲ್ಲ ಕೇಳುವ ಹಾಗೆ ರಂಪ ಮಾಡುತ್ತಿದ್ದವು, ಅಜ್ಜ ಬಂದು ನನ್ನ ಬಾಗಿಲು ತಟ್ಟುತ್ತಿದ್ದರು. ನಾವು ಯಾರಿಗಾದರೂ ಬೇಕಾಗಿದ್ದರೆ, ನಾವಿಲ್ಲದ್ದೂ ಯಾರಿಗಾದರೂ ಗೊತ್ತಾಗುತ್ತದೆ.

ಈ ಕೋಳಿಗಳ ಪೂರ್ವಾಶ್ರಮವನ್ನೂ ಹೇಳಬೇಕು. ಅವು ಹಿತ್ತಲಲ್ಲೇ ಹುಟ್ಟಿದವಲ್ಲ, ದೊಡ್ಡ ಫಾರಂಗಳಿಂದ ಬಂದವು. ಮೊಟ್ಟೆ ಕಡಿಮೆಯಾಗುತ್ತಾ ಬಂದಂತೆ, ಸುಮಾರು ಒಂದೂವರೆ ವರ್ಷಕ್ಕೆ, ಫಾರಂನವರು ಇಂಥ ಕೋಳಿಗಳನ್ನು ಕಸಾಯಿಖಾನೆಗೆ ಕಳಿಸುತ್ತಾರೆ. ಬ್ರಿಟಿಷ್ ಹೆನ್ ವೆಲ್ಫೇರ್ ಟ್ರಸ್ಟ್ ಎಂಬ ಸಂಸ್ಥೆ 2005ರಿಂದ ಅಂಥವನ್ನು ಬಿಡಿಸಿ ತಂದು ಸಾಕುವವರಿಗೆ ಒಪ್ಪಿಸುತ್ತಿದೆ. ಹೀಗೆ ಮನೆ ಸೇರಿದವು ಹತ್ತು ಲಕ್ಷಕ್ಕೂ ಹೆಚ್ಚು. ಬಂದಾಗ ಇವುಗಳ ಕುತ್ತಿಗೆಯಲ್ಲಿ ಪುಕ್ಕವೇ ಇರಲಿಲ್ಲವಂತೆ. ಆದರೂ ವಾರದೊಳಗೆ ಮಣ್ಣು ಕೆದಕಲು ಶುರುಮಾಡಿದವಂತೆ. ಎಷ್ಟು ದಿನ ಇಲ್ಲಿರುತ್ತೇವೆ ಎಂದು ಕೋಳಿ ಕೇಳುವುದಿಲ್ಲ. ಕಾಲ ಕೆಳಗೆ ಮಣ್ಣಿದ್ದರೆ ಕೆದಕುತ್ತದೆ.

“ಮನೆ ಮೇಲೆ ಸಾಲ ಮಾಡಿ ಹೋಗಿ ಕೋಳಿ ಕಾಯ್ತಿದ್ದೀಯಾ?” ಎಂದು ಊರಿನ ಗೆಳೆಯ ನಕ್ಕಿದ್ದ. ಅವನ ಮಾತಿನಲ್ಲಿ ನ್ಯಾಯವಿದೆ. ಸಾಲದ ಕಂತು, ಅಸೈನ್‌ಮೆಂಟು, ವಾರಕ್ಕೆ ಇಪ್ಪತ್ತು ಗಂಟೆಯ ಪಾರ್ಟ್‌ಟೈಮ್ ಕೆಲಸ, ಇವುಗಳ ನಡುವೆ ನಿದ್ದೆಗೇ ಸಮಯವಿಲ್ಲದವರಿಗೆ ‘ಊರನ್ನು ನಿಮ್ಮದಾಗಿಸಿಕೊಳ್ಳಿ’ ಎಂದು ಉಪದೇಶ ಮಾಡುವುದು ಸುಲಭ. ಎಲ್ಲರಿಗೂ ಹಿತ್ತಲಿರುವ ಮನೆಯೂ ಸಿಗುವುದಿಲ್ಲ. ಆದರೆ ನಾನು ಕೋಳಿಯನ್ನೇ ಸಾಕಿ ಎನ್ನುತ್ತಿಲ್ಲ. ಪಕ್ಕದ ಮನೆಯವರ ನಾಯಿಯನ್ನು ಭಾನುವಾರ ಅಡ್ಡಾಡಿಸಬಹುದು, ಬಡಾವಣೆಯ ಸಮುದಾಯ ತೋಟದಲ್ಲಿ ಒಂದು ಗಂಟೆ ಕಳೆ ಕೀಳಬಹುದು, ಮನೆಯ ನಾಲ್ವರಿಗೂ ವಾರಕ್ಕೊಮ್ಮೆ ಸಾರು ಮಾಡಬಹುದು. ದಿನಕ್ಕೆ ಅಥವಾ ವಾರಕ್ಕೆ ಒಮ್ಮೆಯಾದರೂ, ಸಂಬಳವಿಲ್ಲದ, ಬಿಟ್ಟರೆ ಇನ್ನೊಬ್ಬರಿಗೆ ತೊಂದರೆಯಾಗುವ ಒಂದು ಸಣ್ಣ ಜವಾಬ್ದಾರಿ ಇರಲಿ. ಫೋನಿನಲ್ಲಿ ಊರಿನ ಜೊತೆ ಮಾತಾಡುವುದು ಬೇರೆ, ಇರುವ ಊರಿನಲ್ಲಿ ಯಾರಿಗಾದರೂ ಉಪಯೋಗಕ್ಕೆ ಬರುವುದು ಬೇರೆ. ಮೊದಲನೆಯದು ಎರಡನೆಯದರ ಜಾಗ ತುಂಬುವುದಿಲ್ಲ.

ಮನೆಯೊಡತಿ ಮೊಮ್ಮಗನ ಫೋಟೊಗಳ ಜೊತೆ ವಾಪಸಾದರು, ಕೋಳಿಗಳು ಅವರ ವಶಕ್ಕೆ ಹೋದವು. ನನ್ನ ವೀಸಾ ಈಗಲೂ ತಾತ್ಕಾಲಿಕವೇ, ಕೋಣೆಯೂ ಬದಲಾಗಿದೆ. ಆದರೆ ಹೊಸ ಬೀದಿಯಲ್ಲಿ ಮೊದಲ ವಾರವೇ ಪಕ್ಕದ ಮನೆಯವರ ಪರಿಚಯ ಮಾಡಿಕೊಂಡೆ.

ಬರುವ ಸೆಪ್ಟೆಂಬರಿಗೆ ಹೊರಡುವವರಿಗೆ ಹೇಳುವುದಿಷ್ಟೇ. ಚಟ್ನಿಪುಡಿ, ಪ್ರೆಷರ್ ಕುಕ್ಕರ್, ಸ್ವೆಟರ್ ಎಲ್ಲ ಒಯ್ಯಿರಿ. ಹೋದ ಮೇಲೆ ಸೂಟ್‌ಕೇಸ್ ಪೂರ್ತಿ ಬಿಚ್ಚಿ, ಖಾಲಿ ಮಾಡಿ, ಮಂಚದ ಕೆಳಗೆ ತಳ್ಳಿ. ಹಿಂತಿರುಗುವ ದಿನ ಬಂದಾಗ ತುಂಬಿಕೊಂಡರಾಯ್ತು.